ಮಕ್ಕಳ ರಕ್ಷಣಾ ಘಟಕದವರ ಪಗಾರ, ತರಬೇತಿ, ಕೆಲಸದ ಹೊರೆ: ಮನವಿಯಲ್ಲಿ ಮೊದಲು ಏನು ಬರೆಯೋಣ?

ಘಟಪ್ರಭಾ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರರಲ್ಲಿ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ನಾನು ಸಮಾಜ ಕಾರ್ಯಕರ್ತೆ. ಗುತ್ತಿಗೆ ನೌಕರಿ. ಯಾವ ಜಿಲ್ಲೆ ಅಂತ ಹೇಳುವುದಿಲ್ಲ, ಕಾರಣ ನಿಮಗೇ ತಿಳಿಯುತ್ತದೆ.

ಈ ಸಲ ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧಕ್ಕೆ ಹೋಗಿ ಮನವಿ ಕೊಡೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಏನು ಬರೆಯಬೇಕು ಅನ್ನುವಲ್ಲೇ ಜಗಳ. ಹೆಚ್ಚಿನವರು "ಪಗಾರ ಏರಿಸಿ, ಕಾಯಂ ಮಾಡಿ" ಅಂತ ಎರಡು ಸಾಲು ಸಾಕು ಅನ್ನುತ್ತಾರೆ. ನನ್ನ ವಾದ ಬೇರೆ. ಒಬ್ಬರ ಕೈಯಲ್ಲಿ ಒಂದು ಹೊತ್ತಿಗೆ ಎಷ್ಟು ಮಕ್ಕಳ ಪ್ರಕರಣ ಇರಬಹುದು ಅನ್ನುವ ಸಂಖ್ಯೆ ಮೊದಲ ಸಾಲಿನಲ್ಲಿ ಬರಬೇಕು. ಎರಡನೆಯದು ಓಡಾಟದ ಖರ್ಚು. ಪಗಾರ ಮೂರನೆಯದು. ಬೈಯಬೇಡಿ, ಪೂರ್ತಿ ಓದಿ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದಿಕ್ಕಿಲ್ಲದ, ಮನೆ ಬಿಟ್ಟು ಬಂದ, ದುಡಿಮೆಗೆ ಹಾಕಿದ, ಹಿಂಸೆಗೆ ಸಿಕ್ಕ ಮಗುವನ್ನು 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು. ಆಮೇಲೆ ಆ ಮಗುವಿನ ಮನೆ, ಓಣಿ, ಶಾಲೆ ನೋಡಿ ಸಾಮಾಜಿಕ ತನಿಖಾ ವರದಿ ಬರೆಯಬೇಕು. ಅದಕ್ಕೆ ಕಾಯ್ದೆಯ ಗಡುವು 15 ದಿನ. ನಮೂನೆ 22 ಅಂತ ಒಂದು ಉದ್ದನೆಯ ಫಾರ್ಮ್ ಇದೆ. ಮಗು ಮನೆಗೆ ಹೋಗಬೇಕೋ, ಬಾಲಮಂದಿರದಲ್ಲಿ ಇರಬೇಕೋ ಅಂತ ಸಮಿತಿಯವರು ತೀರ್ಮಾನಿಸುವುದು ಬಹುಪಾಲು ಅದನ್ನು ನೋಡಿಯೇ.

ಈ ವರದಿಯನ್ನು ಎರಡು ಥರ ಬರೆಯಬಹುದು. ಆಫೀಸಿನಲ್ಲೇ ಕೂತು ತಾಯಿಗೆ ಫೋನು ಹಚ್ಚಿ, ಮನೆಯಲ್ಲಿ ಯಾರ್ಯಾರು, ಏನು ಕೆಲಸ, ಎಷ್ಟು ಜಮೀನು ಅಂತ ಕೇಳಿ ತುಂಬಬಹುದು. ಊಟದ ಹೊತ್ತಿಗೆ ಮುಗಿದುಹೋಗುತ್ತದೆ. ಇಲ್ಲಾ ಊರಿಗೆ ಹೋಗಬಹುದು. ಹೋದರೆ ಮನೆಯವರು ಚಹಾ ಕೊಟ್ಟು, ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಅಲ್ಲಿಂದ ಎದ್ದು, ಪಕ್ಕದ ಕಟ್ಟೆ ಮೇಲೆ ಜೋಳ ಹಸನು ಮಾಡುತ್ತಾ ಕೂತ ಅಜ್ಜಿ ಹತ್ತಿರ ಅರ್ಧ ತಾಸು ಕೂರಬೇಕು. ಮಳೆ, ಮೊಮ್ಮಕ್ಕಳು, ಮೊಣಕಾಲು ನೋವು ಎಲ್ಲಾ ಮುಗಿದ ಮೇಲೆ ಆಕೆ ದನಿ ಇಳಿಸಿ ಹೇಳುತ್ತಾಳೆ: "ಆ ಹುಡುಗಿ ನಮ್ಮನ್ಯಾಗ ಬಂದು ಮಲಗತಿತ್ರೀ, ಅವರ ಕಾಕಾ ಕುಡದು ಬಂದ ದಿನ." ಈ ಮಾತು ಯಾವ ಫೋನಿನಲ್ಲೂ ಸಿಗುವುದಿಲ್ಲ. ಇದು ವರದಿಯಲ್ಲಿ ಇಲ್ಲದಿದ್ದರೆ ಹುಡುಗಿ ಮತ್ತೆ ಅದೇ ಮನೆಗೆ ಹೋಗುತ್ತಾಳೆ.

ಅಜ್ಜಿ ಹತ್ತಿರ ಕೂರಲು ಹೊತ್ತು ಬೇಕು, ಆ ಊರಿಗೆ ಹೋಗಲು ದುಡ್ಡು ಬೇಕು. ಎರಡೂ ಇಲ್ಲ ಅನ್ನುವುದೇ ನನ್ನ ತಕರಾರು.

ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾದರಿ ಪಟ್ಟಿಯಲ್ಲಿ ಒಂದು ಜಿಲ್ಲಾ ಘಟಕಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಊರೂರಿಗೆ ಓಡಾಡುವ ಇಬ್ಬರು ಔಟ್‌ರೀಚ್ ವರ್ಕರ್. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ 47.79 ಲಕ್ಷ ಜನ ಇದ್ದರು. ವಿಸ್ತಾರ 13,415 ಚದರ ಕಿಲೋಮೀಟರ್, ರಾಜ್ಯದಲ್ಲೇ ದೊಡ್ಡದು. ಕೊಡಗಿನಲ್ಲಿ ಆಗ ಇದ್ದದ್ದು ಐದೂವರೆ ಲಕ್ಷ. ಪಟ್ಟಿ ಮಾತ್ರ ಒಂದೇ. ಬೆಳಗಾವಿಯಿಂದ ಅಥಣಿ ಆಚೆಯ ಒಂದು ತೋಟದ ಮನೆಗೆ ಹೋಗಿ ಬಂದರೆ ಆ ದಿನ ಮುಗಿಯಿತು ಅಂತಲೇ ತಿಳಿಯಿರಿ.

ಪಗಾರದ ಅಂಕಿಯನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಸಮಾಜ ಕಾರ್ಯಕರ್ತರಿಗೆ 14,000, ಔಟ್‌ರೀಚ್ ವರ್ಕರ್‌ಗೆ 8,000 ಇತ್ತು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಅದು 18,536 ಮತ್ತು 10,592 ಆಯಿತು. ಕೇಂದ್ರದ ಪಾಲು 60, ರಾಜ್ಯದ್ದು 40.

ಹೇಳಿ, ನನ್ನ ಕ್ರಮ ಸರಿಯೋ ತಪ್ಪೋ?

ಟಂಟಂ ಸವಾರಿ

ಅಕ್ಕಾ, ನಿಮ್ಮ ಮೂರನೆಯ ಸಾಲು ನನ್ನ ಮೊದಲ ಸಾಲು. ನಾನು ಆ 10,592ರವನು. ಅದೂ ಏಜೆನ್ಸಿ ಮೂಲಕ. ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ, ಅದೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಎರಡು ಮೂರು ತಿಂಗಳದ್ದು ಒಟ್ಟಿಗೆ ಬಿದ್ದಾಗ ಅಂಗಡಿ ಉದ್ರಿ ತೀರಿಸುವುದರಲ್ಲೇ ಹೋಗುತ್ತದೆ.

ಮಗು ಸಿಕ್ಕಿದೆ ಅಂತ ರಾತ್ರಿ ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿನಿಂದ ಫೋನು ಬರುತ್ತದೆ. ನನ್ನ ಗಾಡಿ, ನನ್ನ ಪೆಟ್ರೋಲು. ಮಗುವಿಗೆ ಊಟ ಕೊಡಿಸುವುದು ನನ್ನ ಕಿಸೆಯಿಂದ. ಬಿಲ್ ಕೊಡಿ ಅಂತಾರೆ, ರಾತ್ರಿ ಹನ್ನೊಂದಕ್ಕೆ ಆಮ್ಲೆಟ್ ಗಾಡಿಯವನು ಬಿಲ್ ಕೊಡುತ್ತಾನಾ?

ನಮ್ಮಲ್ಲಿ ಎಲ್ಲರೂ ಬ್ಯಾಗಿನಲ್ಲಿ ಒಂದು ಸ್ಪರ್ಧಾ ಪರೀಕ್ಷೆ ಪುಸ್ತಕ ಇಟ್ಟುಕೊಂಡೇ ಓಡಾಡುತ್ತಾರೆ. ಪಿಡಿಒ, ಪೊಲೀಸ್, ಹಾಸ್ಟೆಲ್ ವಾರ್ಡನ್, ಯಾವುದಾದರೂ ಸರಿ. ನಾನೂ ಓದುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಪ್ರಕರಣಕ್ಕೆ ಮಿತಿ ಹಾಕಿಸಿದರೂ ಆ ಪ್ರಕರಣ ನೋಡುವವನು ವರ್ಷದೊಳಗೆ ಬಿಟ್ಟು ಹೋದರೆ ಏನು ಬಂತು? ಹೊಸಬ ಬಂದು ಆ ಮಗುವಿಗೆ ಮತ್ತೆ ಮೊದಲಿಂದ ಎಲ್ಲಾ ಕೇಳುತ್ತಾನೆ. ಒಂದು ಹುಡುಗ ನನಗೇ ಹೇಳಿದ: "ಹೋದ ಸರ್‌ಗೆ ಎಲ್ಲಾ ಹೇಳೀನಲ್ರೀ, ಅವರನ್ನ ಕೇಳ್ರಿ."

ಜಮಖಂಡಿ ಲೆಕ್ಕಿಗ

ನಾನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪಗಾರದ ಲೆಕ್ಕ ನೋಡುವವನು. ಟಂಟಂ ಅವರೇ, ನಿಮ್ಮ 10,592 ಎಲ್ಲಿ ಹೋಗುತ್ತದೆ ನೋಡೋಣ.

ನೌಕರನ ಪಿಎಫ್ ಪಾಲು ಶೇ 12, ಅಂದರೆ 1,271. ಇಎಸ್‌ಐ ಶೇ 0.75, ಅಂದರೆ 80. ಇಷ್ಟೇ ಹಿಡಿದರೆ ಕೈಗೆ 9,241 ಬರಬೇಕು. ಆದರೆ ಮಾಲೀಕನ ಪಾಲು ಅಂತ ಬೇರೆ ಇದೆ. ಪಿಎಫ್‌ಗೆ ಆಡಳಿತ ಶುಲ್ಕ ಸೇರಿ ಶೇ 13, ಇಎಸ್‌ಐಗೆ ಶೇ 3.25. ಅದನ್ನು ಮೇಲಿಂದ ಕೊಡಬೇಕು. ಅದನ್ನೂ ಇದೇ 10,592ರೊಳಗೇ ಸೇರಿಸಿಬಿಟ್ಟರೆ ನಿಮ್ಮ ಕೈಗೆ ಎಂಟು ಸಾವಿರವೂ ಉಳಿಯುವುದಿಲ್ಲ. 2014ರ ಎಂಟು ಸಾವಿರಕ್ಕೇ ವಾಪಸ್ ಬಂದಂತಾಯಿತು, ಅಲ್ವಾ?

ಹೊರಗುತ್ತಿಗೆಯಲ್ಲಿ ಇದು ಎಲ್ಲಾ ಇಲಾಖೆಗಳಲ್ಲೂ ಕೇಳಿಬರುವ ದೂರು. ಆದ್ದರಿಂದ ಮನವಿಯಲ್ಲಿ ಸುಮ್ನೆ "ಪಗಾರ ಏರಿಸಿ" ಅನ್ನಬೇಡಿ. "ಮಾಲೀಕನ ಪಾಲನ್ನು ನಿಗದಿತ ಮೊತ್ತದ ಮೇಲೆ ಪ್ರತ್ಯೇಕವಾಗಿ ಕೊಡಿ" ಅಂತ ಬರೆಯಿರಿ. ಕೇಂದ್ರ ಒಂದು ರೂಪಾಯಿ ಏರಿಸದಿದ್ದರೂ ಇದನ್ನು ರಾಜ್ಯವೇ ಮಾಡಬಹುದು.

ರಾಮದುರ್ಗ ರೋಡ್

ಎಲ್ಲರ ಮಾತು ಓದಿದೆ. ಕ್ಷಮಿಸಿ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗೆಸ್ಟ್ ಲೆಕ್ಚರರ್, ಆಶಾ, ಬಿಸಿಯೂಟ, ಗ್ರಾಮ ಪಂಚಾಯಿತಿ, ಈ ನಾಡಿನಲ್ಲಿ ಪಗಾರ ಸಾಲದು ಅನ್ನದವರು ಯಾರಿದ್ದಾರೆ? ನೀವೂ ಆ ಸಾಲಿನಲ್ಲಿ ನಿಂತಿದ್ದೀರಿ.

ನಮ್ಮ ಸಂಬಂಧಿಕರ ಮಗುವಿನ ವಿಷಯದಲ್ಲಿ ನಾನೇ ಅಲೆದವನು. ಅಪ್ಪ ತೀರಿಕೊಂಡಿದ್ದ, ಅವ್ವ ಬೇರೆ ಮದುವೆಯಾಗಿದ್ದಳು. ಅಜ್ಜಿ ಸಾಕುತ್ತೇನೆ ಅಂದರೂ ಮಗುವನ್ನು ತಿಂಗಳುಗಟ್ಟಲೆ ಬಾಲಮಂದಿರದಲ್ಲಿ ಇಟ್ಟರು. ಕೇಳಿದಾಗೆಲ್ಲ "ವರದಿ ಬಂದಿಲ್ಲ" ಅನ್ನುವ ಒಂದೇ ಉತ್ತರ. ಕೊನೆಗೆ ಬಂದ ವರದಿಯಲ್ಲಿ ಅಜ್ಜಿಯ ವಯಸ್ಸೂ ತಪ್ಪು, ಊರೂ ತಪ್ಪು.

[ಇಲ್ಲಿದ್ದ ಮೂರು ಸಾಲುಗಳನ್ನು ತೆಗೆದುಹಾಕಲಾಗಿದೆ: ನಿರ್ವಾಹಕರು]

ಇಂಥವರಿಗೆ ಇನ್ನೂ ಪಗಾರ ಏರಿಸಬೇಕಾ?

ನಿರ್ವಾಹಕರು

ರಾಮದುರ್ಗ ಅವರೇ, ಮಗುವಿನ ಊರು, ಶಾಲೆ ಹೆಸರು ಬರೆದಿದ್ದಿರಿ, ಅದನ್ನಷ್ಟೇ ತೆಗೆದಿದ್ದೇವೆ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಒಳ್ಳೆಯ ಉದ್ದೇಶಕ್ಕೆ ಹೇಳಿದರೂ ಅಷ್ಟೇ. ಎಲ್ಲರೂ ದಯವಿಟ್ಟು ನೋಡಿಕೊಳ್ಳಿ.

ಘಟಪ್ರಭಾ ದಂಡೆ

ರಾಮದುರ್ಗ ಅಣ್ಣಾವ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಹೇಳಿದ ವರದಿ ಇದೆಯಲ್ಲ, ಅಜ್ಜಿ ವಯಸ್ಸು ತಪ್ಪು, ಊರು ತಪ್ಪು, ಅದು ಅಪ್ಪಟ ಫೋನ್ ವರದಿ. ಆ ಅಜ್ಜಿ ಮನೆಗೆ ಯಾರೂ ಹೋಗಿಲ್ಲ. ಹೋಗಿದ್ದರೆ ಊರಿನ ಹೆಸರು ಹೇಗೆ ತಪ್ಪುತ್ತದೆ?

ನನ್ನ ಇಡೀ ಪೋಸ್ಟ್ ಇದರ ಬಗ್ಗೆಯೇ ಇದೆ. ಬರೀ ಪಗಾರ ಏರಿಸಿದರೆ ಅದೇ ಫೋನ್ ವರದಿಯನ್ನು ಜಾಸ್ತಿ ಪಗಾರಕ್ಕೆ ಬರೆಯುತ್ತಾರೆ.

ಓಡಾಟದ ವಿಷಯದಲ್ಲಿ ಒಂದು ತಮಾಷೆ ಹೇಳುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನಾನು ಹೆಣ್ಣುಮಗಳು, ಸರಕಾರಿ ಬಸ್ಸಿನಲ್ಲಿ ಪುಕ್ಕಟೆ. ಸಂತೋಷವೇ. ಟಿಎ ಬಿಲ್ ಕೊಟ್ಟರೆ "ನಿಮಗೆ ಬಸ್ ಫ್ರೀ ಐತಲ್ರೀ ಮೇಡಂ" ಅಂದರು. ಬಸ್ಸು ತಾಲ್ಲೂಕು ಊರಿಗೆ ಬಿಡುತ್ತದೆ. ಅಲ್ಲಿಂದ ಟಂಟಂ. ಟಂಟಂ ಇಳಿದ ಮೇಲೆ ಹೊಲದ ದಾರಿ. ಸಂಜೆ ವಾಪಸ್ ಬರುವಾಗ ಬಸ್ ತಪ್ಪಿದರೆ ವಸ್ತಿ ಬಸ್ ಬರುವವರೆಗೆ ಕಾಯಬೇಕು, ಅದು ಹೊರಡುವುದು ಬೆಳಿಗ್ಗೆ. ಇದಕ್ಕೆಲ್ಲ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ.

ಗುಮ್ಮಟದ ಹುಡುಗಿ

ನಾನು ವಿಜಯಪುರದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೆಯ ಸೆಮಿಸ್ಟರ್. ಕ್ಷೇತ್ರಕಾರ್ಯಕ್ಕೆ ಮಕ್ಕಳ ಸಂಸ್ಥೆಯೊಂದಕ್ಕೆ ಹೋಗಿದ್ದೆ, ಅದೇ ಕೆಲಸ ಮಾಡಬೇಕು ಅಂತ ಆಸೆ. ಇದನ್ನೆಲ್ಲ ಓದಿ ಅಪ್ಪಗೆ ತೋರಿಸಬಾರದು ಅಂದುಕೊಂಡೆ.

ಪ್ರಕರಣದ ಮಿತಿ ವಿಷಯ ನಮ್ಮ ಪಾಠದಲ್ಲೇ ಇದೆ. ಅಮೆರಿಕದ ಚೈಲ್ಡ್ ವೆಲ್‌ಫೇರ್ ಲೀಗ್ ಅನ್ನುವ ಸಂಸ್ಥೆ ಒಂದು ಮಾನದಂಡ ಹೇಳುತ್ತದೆ. ತನಿಖೆ ಮಾಡುವ ಒಬ್ಬರಿಗೆ ತಿಂಗಳಿಗೆ 12 ಪ್ರಕರಣ, ನಿರಂತರವಾಗಿ ಕುಟುಂಬಗಳ ಜೊತೆ ಇರುವವರಿಗೆ 17 ಕುಟುಂಬ. ಅಲ್ಲಿಯೂ ಇದು ಎಲ್ಲಾ ಕಡೆ ಪಾಲನೆಯಾಗುವುದಿಲ್ಲ ಅಂತ ನಮ್ಮ ಮೇಡಂ ಹೇಳಿದರು. ಲಂಡನ್ನಿನಲ್ಲಿ 2000ದಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಅನ್ನುವ ಎಂಟು ವರ್ಷದ ಹುಡುಗಿ ಸಾಕುತ್ತಿದ್ದವರ ಹಿಂಸೆಯಿಂದಲೇ ಸತ್ತಳು. ಅದರ ವಿಚಾರಣೆ ಮಾಡಿದ ಲಾರ್ಡ್ ಲೇಮಿಂಗ್ 2003ರಲ್ಲಿ ವರದಿ ಕೊಟ್ಟರು. ಆ ಮಗುವಿನ ಪ್ರಕರಣ ನೋಡುತ್ತಿದ್ದ ಕಾರ್ಯಕರ್ತೆಯ ಕೈಯಲ್ಲಿ ಅಲ್ಲಿನ ನಿಗದಿಗಿಂತ ಜಾಸ್ತಿ ಪ್ರಕರಣಗಳಿದ್ದವು ಅಂತ ಅದರಲ್ಲಿ ಬಂತು.

ಅಕ್ಕಾ, ಒಂದು ಪ್ರಶ್ನೆ. ನಾನು ಸೇರಿದರೆ ತರಬೇತಿ ಎಷ್ಟು ದಿನ ಕೊಡುತ್ತಾರೆ?

ಘಟಪ್ರಭಾ ದಂಡೆ

ತಂಗಿ, ನಿಗದಿ ಮೀರಿದ್ದು ಗೊತ್ತಾಯಿತು ಅಂದರೆ ಅಲ್ಲಿ ನಿಗದಿ ಅಂತ ಒಂದು ಇತ್ತು ಅಂತಾಯಿತು. ನಮ್ಮಲ್ಲಿ ಮೀರಲು ಸಂಖ್ಯೆಯೇ ಇಲ್ಲ. ಎಷ್ಟು ಬಂದರೂ "ನೋಡಿಕೊಳ್ಳಿ" ಅಷ್ಟೇ. ಮನವಿಯಲ್ಲಿ ಮೊದಲ ಸಾಲು ಅದೇ ಇರಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ತರಬೇತಿ ಬಗ್ಗೆ ಕೇಳಿದೆಯಲ್ಲ. ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯವರಿಗೆ ನೇಮಕವಾದ 60 ದಿನದೊಳಗೆ ತರಬೇತಿ ಕೊಡಬೇಕು ಅಂತ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಇದೆ. ಮನೆ ಬಾಗಿಲಿಗೆ ಹೋಗುವ ಔಟ್‌ರೀಚ್ ವರ್ಕರ್‌ಗೆ ಕಾಯ್ದೆಯಲ್ಲಿ ಅಂಥ ಗಡುವು ಇಲ್ಲ. ಆ ಹುದ್ದೆಗೆ ಪಿಯುಸಿ ಆದರೆ ಸಾಕು. ಕಾಗದದ ಮೇಲೆ ತರಬೇತಿಗೆ ಕೊರತೆಯಿಲ್ಲ, ಅದನ್ನೂ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂವಾದ ಅಂತ ಕೇಂದ್ರದ ಒಂದು ಯೋಜನೆ ಇದೆ. ನೊಂದ ಮಗುವಿನ ಜೊತೆ ಹೇಗೆ ಮಾತಾಡಬೇಕು ಅಂತ ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ. ಆನ್‌ಲೈನ್ ಕೂಡ ಇರುತ್ತದೆ. ನಾನು ಒಂದಕ್ಕೆ ಕೂತೆ. ಪರದೆಯಲ್ಲಿ ಅವರು ಮಗುವಿನ ಮೌನವನ್ನು ಹೇಗೆ ಗೌರವಿಸಬೇಕು ಅಂತ ವಿವರಿಸುತ್ತಿದ್ದರು. ಪಕ್ಕದ ಟೇಬಲ್ಲಿನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು, ಅಂಕಿಅಂಶ ಸಂಜೆ ಐದರೊಳಗೆ ಕಳಿಸಿ ಅಂತ.

ಇನ್ನೊಂದು ಇದೆ, ಇದನ್ನು ಬೆಂಗಳೂರಿನವರು ಹೇಳಿಕೊಡಲು ಆಗುವುದಿಲ್ಲ. ಭಾಷೆ. ಖಾನಾಪುರ, ನಿಪ್ಪಾಣಿ ಕಡೆ ಮನೆಮಾತು ಮರಾಠಿ. ತಾಂಡಾಗಳಲ್ಲಿ ಲಂಬಾಣಿ. ಊರಿನೊಳಗೆ ಎಷ್ಟೋ ಮನೆಗಳಲ್ಲಿ ಉರ್ದು. ಮಗು ಹೆದರಿದಾಗ ಅವ್ವನ ಮಾತಿನಲ್ಲೇ ಮಾತಾಡುತ್ತದೆ. ನಾವು ಆಗ ದುಭಾಷಿ ಅಂತ ಯಾರನ್ನು ಕರೆಯುತ್ತೇವೆ? ಅಲ್ಲೇ ನಿಂತ ಚಿಕ್ಕಪ್ಪನನ್ನೋ, ಕೂಲಿ ಗ್ಯಾಂಗ್ ಕರೆತರುವ ಮುಕಾದಮನನ್ನೋ. ಯಾರ ವಿರುದ್ಧ ಮಗು ಮಾತಾಡಬೇಕೋ ಅವನೇ ಕೆಲವು ಸಲ ಅನುವಾದಕ!

ಮುಧೋಳ ಮೇಷ್ಟ್ರು

ಮುಕಾದಮ ಅಂದಿರಲ್ಲ, ಅದರ ಬಗ್ಗೆ ಎರಡು ಮಾತು. ನಾನು ಹೈಸ್ಕೂಲ್ ಮುಖ್ಯೋಪಾಧ್ಯಾಯ. ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಡೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಟಾವಿನ ಗ್ಯಾಂಗ್‌ಗಳು ಬಂದು ಜೋಪಡಿ ಹಾಕುತ್ತವೆ. ನಮ್ಮ ಕಡೆಯ ತಾಂಡಾಗಳಿಂದ ಅತ್ತ ಹೋಗುವವರೂ ಇದ್ದಾರೆ. ಒಂದು ಜಿಲ್ಲೆಯ ಮಗು ಇನ್ನೊಂದು ರಾಜ್ಯದ ಗದ್ದೆಯಲ್ಲಿ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ನಮ್ಮಲ್ಲೇ.

ಇನ್ನು ಬಾಲ್ಯವಿವಾಹ. ಬಸವ ಜಯಂತಿ, ಅಕ್ಷಯ ತದಿಗೆ ಒಂದೇ ದಿನ ಬರುವುದು ಗೊತ್ತಲ್ಲ. ಆ ವಾರ ಎಲ್ಲೆಲ್ಲೂ ಸಾಮೂಹಿಕ ಮದುವೆ. ನಮ್ಮ ಹತ್ತನೇ ಕ್ಲಾಸಿನ ಹುಡುಗಿಯ ಗೆಳತಿಯರು ಬಂದು ಹೇಳುತ್ತಾರೆ, ನಾವು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತೇವೆ. ರಾಜ್ಯದ ತಿದ್ದುಪಡಿ ಬಂದ ಮೇಲೆ ಕರ್ನಾಟಕದಲ್ಲಿ ಬಾಲ್ಯವಿವಾಹ ಆದರೂ ಅದು ಮೂಲತಃ ಅಸಿಂಧು. ಕಾನೂನು ಗಟ್ಟಿಯಾಗಿದೆ. ಆದರೆ ಆ ದಿನ ಘಟಕದವರು ಎಷ್ಟು ಮಂಟಪಕ್ಕೆ ಓಡಬೇಕು? ಒಮ್ಮೆ ಬಂದ ಹುಡುಗ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮದುವೆ ನಿಲ್ಲಿಸಲು ಬಂದವನಿಗೆ ಮದುವೆ ಮನೆಯಲ್ಲಿ ಊಟ ಹಾಕುತ್ತಾರೆಯೇ? ನಮ್ಮ ಸ್ಟಾಫ್ ರೂಮಿನಲ್ಲಿ ರೊಟ್ಟಿ ಕೊಟ್ಟೆವು.

ಮದುವೆ ನಿಂತಿತು, ಪೇಪರಿನಲ್ಲಿ ಬಂತು. ಆಮೇಲೆ ಆ ಹುಡುಗಿಯನ್ನು ಎರಡು ತಿಂಗಳು, ನಾಲ್ಕು ತಿಂಗಳು ಬಿಟ್ಟು ಯಾರಾದರೂ ಹೋಗಿ ನೋಡಬೇಕು. ಅದು ಆಗುವುದಿಲ್ಲ. ಮುಂದಿನ ಊರಿನಲ್ಲಿ, ರಾತ್ರಿ, ಬಾಗಿಲು ಹಾಕಿಕೊಂಡು ಮದುವೆ ಮಾಡಿ ಮುಗಿಸುತ್ತಾರೆ. ಘಟಪ್ರಭಾ ಮೇಡಂ ಅವರ ಸಂಖ್ಯೆಯ ಮಾತು ಇದಕ್ಕೂ ಹೊಂದುತ್ತದೆ. ತಡೆದದ್ದನ್ನು ಮಾತ್ರ ಎಣಿಸಬೇಡಿ, ಮತ್ತೆ ಹೋಗಿ ನೋಡಿದ್ದನ್ನೂ ಕೆಲಸ ಅಂತ ಎಣಿಸಿ.

ಫೈಲು ನೋಡಿದವ

ನಾನು ನಿವೃತ್ತ ಸರಕಾರಿ ನೌಕರ. ಫೈಲಿನ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಿದರೆ ನಿಮ್ಮ ಮನವಿಗೆ ಉಪಯೋಗವಾಗಬಹುದು.

ಪಗಾರ ತಡವಾಗುವುದು ಯಾರದೋ ದುಷ್ಟತನದಿಂದ ಅಂತ ತಿಳಿಯಬೇಡಿ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಕೇಂದ್ರದ ಮುಂದಿನ ಕಂತು ಬರುವುದಿಲ್ಲ. ಎಲ್ಲಾ ಜಿಲ್ಲೆಗಳ ಲೆಕ್ಕ ಸೇರಿದ ಮೇಲೆಯೇ ಅದು ಹೋಗುವುದು. ಒಂದು ಜಿಲ್ಲೆಯಲ್ಲಿ ಅಕೌಂಟೆಂಟ್ ಹುದ್ದೆ ಖಾಲಿ ಇದ್ದರೆ ಲೆಕ್ಕ ನಿಂತಿತು, ಉಳಿದವರೂ ಕಾಯಬೇಕು. ನೀರಾವರಿ ಕಾಲುವೆಯ ಹಾಗೆ, ಮೇಲೆ ಎಲ್ಲಿ ಕಸ ಸಿಕ್ಕಿಕೊಂಡರೂ ಕೊನೆಯ ಹೊಲಕ್ಕೆ ನೀರಿಲ್ಲ. ರಾಜ್ಯ ತನ್ನ 40ರ ಪಾಲಿನಿಂದ ಪಗಾರವನ್ನು ಮೊದಲು ಕೊಟ್ಟು, ಆಮೇಲೆ ಕೇಂದ್ರದ ಹಣಕ್ಕೆ ಹೊಂದಿಸಿಕೊಳ್ಳಲಿ ಅಂತ ಕೇಳಿ. ಇದು ಸಾಧ್ಯವಿರುವ ಬೇಡಿಕೆ.

ಪ್ರಕರಣದ ಮಿತಿ ಬಗ್ಗೆ ಮಾತ್ರ ನನಗೆ ಅನುಮಾನ. ಮಿತಿ ಹಾಕಿದರೆ ಮಿತಿ ಮೀರಿದ ಮಕ್ಕಳನ್ನು ಯಾರು ನೋಡಬೇಕು? ಹೊಸ ಹುದ್ದೆ ಬೇಕು. ಹೊಸ ಹುದ್ದೆಗೆ ದೆಹಲಿಯ ಒಪ್ಪಿಗೆ ಬೇಕು, ಇಲ್ಲವೇ ರಾಜ್ಯ ತನ್ನ ದುಡ್ಡಿನಲ್ಲಿ ಮಾಡಬೇಕು. ಹಣಕಾಸು ಇಲಾಖೆ ಮೊದಲ ನೋಟದಲ್ಲೇ ಅದನ್ನು ವಾಪಸ್ ಕಳಿಸುತ್ತದೆ.

ಇನ್ನೊಂದು ಕಹಿ ಸತ್ಯ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ಲಕ್ಷಗಟ್ಟಲೆ ಇದ್ದಾರೆ, ಊರೂರಲ್ಲಿ ಇದ್ದಾರೆ, ಬೀದಿಗೆ ಬಂದರೆ ಟ್ರಾಫಿಕ್ ನಿಲ್ಲುತ್ತದೆ. ನೀವು ಅಧಿಕಾರಿ, ಅಕೌಂಟೆಂಟ್ ಎಲ್ಲ ಸೇರಿ ಜಿಲ್ಲೆಗೆ ಹನ್ನೆರಡು ಜನ. 31 ಜಿಲ್ಲೆ ಸೇರಿದರೂ ನಾಲ್ಕು ನೂರು ದಾಟುವುದಿಲ್ಲ. ಸುವರ್ಣ ವಿಧಾನಸೌಧದ ಹತ್ತಿರ ಧರಣಿ ನಡೆಯುವ ಕೊಂಡಸಕೊಪ್ಪದಲ್ಲಿ ಟೆಂಟು ಹಾಕಿದರೆ ಅರ್ಧ ಟೆಂಟು ಖಾಲಿ.

ಕರಿಕೋಟು

ಕಾಕಾ ಹೇಳಿದ್ದು ನಿಜ. ಆದರೆ ಜನ ಕಡಿಮೆ ಇರುವ ಕಡೆ ಕಾಗದ ಕೆಲಸ ಮಾಡುತ್ತದೆ. ನಾನು ವಕೀಲ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ ನೋಡುವ ಪೋಕ್ಸೊ ನ್ಯಾಯಾಲಯದಲ್ಲಿ ಓಡಾಡುವವನು.

"ಕಾಯಂ ಮಾಡಿ" ಅನ್ನುವ ಬೇಡಿಕೆ ಬಗ್ಗೆ ಮೊದಲು. 2006ರ ಉಮಾದೇವಿ ತೀರ್ಪು ನಮ್ಮ ರಾಜ್ಯದ್ದೇ ಪ್ರಕರಣ. ನೇಮಕಾತಿ ನಿಯಮದ ಪ್ರಕಾರ ಬರದವರನ್ನು ಸುಮ್ನೆ ಕಾಯಂ ಮಾಡಲು ಆಗುವುದಿಲ್ಲ ಅಂತ ಸಂವಿಧಾನ ಪೀಠ ಹೇಳಿತು. ಸರಕಾರ ಮೊದಲು ತೋರಿಸುವುದು ಅದನ್ನೇ. 2016ರ ಜಗ್‌ಜೀತ್ ಸಿಂಗ್ ತೀರ್ಪಿನಲ್ಲಿ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಬಂತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ವರ್ಷಗಟ್ಟಲೆ ದುಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಅಂತ ಸುಪ್ರೀಂ ಕೋರ್ಟ್ ಬೈದಿದೆ. ಆದರೆ ಟಂಟಂ ಅವರಂತೆ ಏಜೆನ್ಸಿ ಮೂಲಕ ಇರುವವರಿಗೆ ದಾರಿ ಇನ್ನೂ ಕಷ್ಟ. "ನಿಮ್ಮ ಮಾಲೀಕ ನಾವಲ್ಲ" ಅಂದುಬಿಡುತ್ತಾರೆ. ಆದ್ದರಿಂದ ಏಜೆನ್ಸಿ ಬೇಡ, ಘಟಕದ ನೇರ ಗುತ್ತಿಗೆ ಕೊಡಿ ಅಂತ ಕೇಳುವುದು ಜಾಣತನ.

ಮಿತಿ ವಿಷಯಕ್ಕೆ ಬರುತ್ತೇನೆ. ಹೊಸ ಹುದ್ದೆ ಕೇಳಿದರೆ ಹಣಕಾಸು ಇಲಾಖೆ ವಾಪಸ್ ಕಳಿಸುತ್ತದೆ, ಒಪ್ಪಿದೆ. ಹಾಗಾಗಿ ಹುದ್ದೆ ಕೇಳಬೇಡಿ. ಲೆಕ್ಕ ಇಡಿ ಅಂತ ಕೇಳಿ. ಬಾಲ ನ್ಯಾಯ ಕಾಯ್ದೆಯ 36ನೇ ಸೆಕ್ಷನ್ನಿನಲ್ಲಿ ವರದಿಗೆ 15 ದಿನದ ಗಡುವು ಇದೆಯಲ್ಲ. ಪ್ರತಿ ತಿಂಗಳೂ ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ವರದಿ ಬಾಕಿ, ಎಷ್ಟಕ್ಕೆ 15 ದಿನ ಮೀರಿತು, ಎಷ್ಟಕ್ಕೆ ನಿಜವಾಗಿ ಮನೆ ಭೇಟಿಯಾಯಿತು, ಎಷ್ಟು ಫೋನಿನಲ್ಲಿ ಮುಗಿಯಿತು ಅಂತ ಬರೆದು ಜಿಲ್ಲಾಧಿಕಾರಿ ಮುಂದೆ ಇಡಲಿ. ಅದೇ ಕಾಯ್ದೆಗೆ 2021ರ ತಿದ್ದುಪಡಿ ಆದ ಮೇಲೆ ಘಟಕದ ಮೇಲುಸ್ತುವಾರಿ ಜಿಲ್ಲಾ ದಂಡಾಧಿಕಾರಿಯದ್ದೇ, ಅಂದರೆ ಜಿಲ್ಲಾಧಿಕಾರಿಯದ್ದೇ. ಒಂದು ವರ್ಷ ಆ ಹಾಳೆ ಅವರ ಟೇಬಲ್ ಮೇಲೆ ಬಂದರೆ, ಹುದ್ದೆ ಕೇಳುವ ಕೆಲಸವನ್ನು ಅವರೇ ಮಾಡಬೇಕಾಗುತ್ತದೆ. ಗಡುವು ಮೀರುವುದು ಗೊತ್ತಿದ್ದೂ ಸುಮ್ಮನಿದ್ದರು ಅಂತ ನಾಳೆ ಹೈಕೋರ್ಟಿನಲ್ಲಿ ಯಾರಾದರೂ ಕೇಳಬಹುದಲ್ಲ.

ಮತ್ತೊಂದು ಕೆಲಸ ನೀವು ಲೆಕ್ಕಕ್ಕೇ ಹಿಡಿದಿಲ್ಲ. ಪೋಕ್ಸೊ ಪ್ರಕರಣದ ಮಗುವಿನ ಜೊತೆ ತನಿಖೆ, ವಿಚಾರಣೆಯುದ್ದಕ್ಕೂ ನಿಲ್ಲುವ ಒಬ್ಬ ಬೆಂಬಲ ವ್ಯಕ್ತಿ ಇರಬೇಕು. 2020ರ ನಿಯಮದ ಪ್ರಕಾರ ಅವರಿಗೆ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಹಣ ಕೊಡಬೇಕು. ಬೇರೆ ಯಾರೂ ಸಿಗದಾಗ ಆ ಕೆಲಸವನ್ನೂ ಘಟಕದವರ ಕೊರಳಿಗೆ ಕಟ್ಟುವುದನ್ನು ನಾನು ಕೋರ್ಟಿನ ಕಾರಿಡಾರಿನಲ್ಲಿ ನೋಡಿದ್ದೇನೆ. ಮಗು ಬೆಂಚಿನ ಮೇಲೆ, ಪಕ್ಕದಲ್ಲಿ ನಿಮ್ಮಂಥ ಒಬ್ಬ ಹೆಣ್ಣುಮಗಳು, ಮಡಿಲಲ್ಲಿ ಬೇರೆ ಮಗುವಿನ ಫೈಲು ತೆರೆದುಕೊಂಡು ಬರೆಯುತ್ತಿರುತ್ತಾರೆ. ಆ ದಿನ ವಿಚಾರಣೆ ಮುಂದಕ್ಕೆ ಹೋಯಿತು ಅಂತ ಮಧ್ಯಾಹ್ನ ಮೂರಕ್ಕೆ ಗೊತ್ತಾಗುತ್ತದೆ.

ರಾಮದುರ್ಗ ರೋಡ್

ವಕೀಲರ ಹಾಳೆಯ ಮಾತು ನನಗೆ ಹಿಡಿಸಿತು. ಭೇಟಿಯೋ ಫೋನೋ ಅಂತ ವರದಿಯ ಮೇಲೇ ಬರೆಯಲಿ. ಹಾಗಾದರೆ ನಮ್ಮಂಥವರು ಸಮಿತಿ ಮುಂದೆ "ಇದು ಫೋನಿನದ್ದು, ಒಪ್ಪುವುದಿಲ್ಲ" ಅಂತ ಹೇಳಬಹುದು.

ಪಗಾರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಎಂಟು ಸಾವಿರ ಅಂದರೆ ನಮ್ಮ ಹೊಲದಲ್ಲಿ ಆಳಿಗೂ ಜಾಸ್ತಿ ಬೀಳುತ್ತದೆ, ಅದು ತಪ್ಪೇ.

ಘಟಪ್ರಭಾ ದಂಡೆ

ಕರಿಕೋಟು ಸರ್, ಇದು ನನಗೆ ಹೊಳೆದಿರಲಿಲ್ಲ. ಮಿತಿ ಕೇಳುವ ಬದಲು ಲೆಕ್ಕ ಕೇಳುವುದು. ನಮ್ಮವರು ಕೆಲವರು ಒಪ್ಪಲಿಕ್ಕಿಲ್ಲ, "ನಮ್ಮ ಬಾಕಿ ನಾವೇ ತೋರಿಸಿದರೆ ನಮಗೇ ನೋಟಿಸ್ ಕೊಡುತ್ತಾರೆ" ಅನ್ನುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೆ ಹಾಳೆಯಲ್ಲಿ ಕಿಲೋಮೀಟರ್ ಮತ್ತು ಬೇರೆ ಡ್ಯೂಟಿಯ ಕಾಲಂ ಕೂಡ ಇರಬೇಕು. ಬಡ ಮನೆಯ ಮಗುವಿಗೆ ತಿಂಗಳ ನೆರವು ಕೇಳುವ ಪ್ರಾಯೋಜಕತ್ವದ ಅರ್ಜಿಗಳೇ ಎಷ್ಟು ಬರುತ್ತವೆ ನೋಡಿ. ಮಗುವಿಗೆ ತಿಂಗಳಿಗೆ 4,000 ಆದ ಮೇಲೆ ಅರ್ಜಿ ಜಾಸ್ತಿಯಾಗಿವೆ, ಆಗಬೇಕಾದ್ದೇ. ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000ದೊಳಗೆ ಆದಾಯ ಇದೆಯೋ ಅಂತ ಪ್ರತಿಯೊಂದಕ್ಕೂ ಮನೆ ನೋಡಬೇಕು. ಭಾರತ ಹುಣ್ಣಿಮೆಗೆ ನಮ್ಮನ್ನು ಎಲ್ಲಮ್ಮನ ಗುಡ್ಡದ ಡ್ಯೂಟಿಗೆ ಹಾಕುತ್ತಾರೆ. ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದರು, ಇಷ್ಟು ವರ್ಷದ ಮೇಲೂ ಜಾತ್ರೆಯಲ್ಲಿ ಕಣ್ಣಿಟ್ಟು ನಿಲ್ಲಬೇಕು. ಆ ದಿನಗಳಲ್ಲಿ ಗಡುವಿನ 15 ದಿನ ನಿಲ್ಲುವುದಿಲ್ಲ.

ಟಂಟಂ ತಮ್ಮಾ, ನಿನ್ನ ಮಾತಿಗೆ ನಾನು ಸೋತೆ ಅಂತಲೇ ಇಟ್ಟುಕೋ. 18,536 ತಗೊಳ್ಳುವವಳು 10,592ರವನಿಗೆ "ಪಗಾರ ಆಮೇಲೆ" ಅನ್ನುವುದು ಸರಿಯಲ್ಲ. ಕರಡು ಹೀಗೆ ಬದಲಾಯಿಸಿದ್ದೇನೆ, ಸಂಜೆ ಗ್ರೂಪಿಗೂ ಹಾಕುತ್ತೇನೆ:

"ಔಟ್‌ರೀಚ್ ವರ್ಕರ್‌ಗಳನ್ನು ಏಜೆನ್ಸಿಯಿಂದ ಬಿಡಿಸಿ ಘಟಕದ ನೇರ ಗುತ್ತಿಗೆಗೆ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಪಿಎಫ್, ಇಎಸ್‌ಐ ಮಾಲೀಕನ ಪಾಲನ್ನು ನಿಗದಿತ ಮೊತ್ತದ ಮೇಲೆ ಕೊಡಬೇಕು. ಪಗಾರವನ್ನು ರಾಜ್ಯದ ಪಾಲಿನಿಂದ ಪ್ರತಿ ತಿಂಗಳೂ ಮೊದಲು ಬಿಡುಗಡೆ ಮಾಡಬೇಕು. ಪ್ರತಿ ಸಾಮಾಜಿಕ ತನಿಖಾ ವರದಿಯ ಮೇಲೆ ಮನೆ ಭೇಟಿಯಾಯಿತೇ ಇಲ್ಲವೇ ಎಂದು ನಮೂದಿಸಬೇಕು. ತಲಾವಾರು ಬಾಕಿ, ಪ್ರಯಾಣದ ದೂರ ಮತ್ತು ಬೇರೆ ಕರ್ತವ್ಯದ ವಿವರವನ್ನು ಪ್ರತಿ ತಿಂಗಳೂ ಜಿಲ್ಲಾಧಿಕಾರಿಗೆ ಕೊಡಬೇಕು. ಪ್ರಯಾಣ ಭತ್ಯೆಯನ್ನು ಜಿಲ್ಲೆಯ ವಿಸ್ತಾರ ನೋಡಿ ನಿಗದಿ ಮಾಡಬೇಕು. ಹೊಸದಾಗಿ ಸೇರಿದವರನ್ನು ತರಬೇತಿಯಿಲ್ಲದೆ ಮಗುವಿನ ವಿಚಾರಣೆಗೆ ಒಬ್ಬರನ್ನೇ ಕಳಿಸಬಾರದು. ಮರಾಠಿ, ಲಂಬಾಣಿ, ಉರ್ದು ಬಲ್ಲ ದುಭಾಷಿಗಳ ಪಟ್ಟಿ ಪ್ರತಿ ತಾಲ್ಲೂಕಿನಲ್ಲೂ ಇರಬೇಕು."

ಗುಮ್ಮಟದ ಹುಡುಗಿ

ಅಕ್ಕಾ, ದುಭಾಷಿಗಳ ಪಟ್ಟಿಗೆ ನಮ್ಮ ಕ್ಲಾಸಿನವರೇ ಸಿಗುತ್ತಾರೆ. ನಮ್ಮಲ್ಲಿ ಲಂಬಾಣಿ ಮಾತಾಡುವವರು ತುಂಬಾ ಜನ ಇದ್ದಾರೆ. ಕ್ಷೇತ್ರಕಾರ್ಯದ ದಿನಗಳಲ್ಲಿ ಬರಬಹುದು, ವಿಭಾಗದಲ್ಲಿ ಕೇಳಿ ನೋಡುತ್ತೇನೆ. ಆದರೆ ಪುಕ್ಕಟೆ ಅಂತ ಬರೆಯಬೇಡಿ!

ಫೈಲು ನೋಡಿದವ

ಕರಡು ಚೆನ್ನಾಗಿದೆ. ಉದ್ದ ಜಾಸ್ತಿ. ಮಂತ್ರಿಗಳ ಆಪ್ತ ಸಹಾಯಕ ಮೊದಲ ಅರ್ಧ ಪುಟ ಓದುತ್ತಾನೆ, ಅದಕ್ಕೆ ತಕ್ಕಂತೆ ಜೋಡಿಸಿ. ಪ್ರತಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಮಾತ್ರವಲ್ಲ, ಹಣಕಾಸು ಇಲಾಖೆಗೂ, ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೂ ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಜಮಖಂಡಿ ಲೆಕ್ಕಿಗ

ಮಾಲೀಕನ ಪಾಲಿನ ಬೇಡಿಕೆಗೆ ಪುರಾವೆ ಬೇಕು. ಮೂರೂ ಜಿಲ್ಲೆಯ ಔಟ್‌ರೀಚ್ ವರ್ಕರ್‌ಗಳು ತಮ್ಮ ಪಗಾರದ ಸ್ಲಿಪ್ ಕಳಿಸಿದರೆ ಒಂದು ಕೋಷ್ಟಕ ಮಾಡಿಕೊಡುತ್ತೇನೆ. ಹೆಸರು, ಪಿಎಫ್‌ನ ಯುಎಎನ್ ನಂಬರು ಮುಚ್ಚಿ ಫೋಟೋ ತೆಗೆಯಿರಿ.

ಟಂಟಂ ಸವಾರಿ

ಸರ್, ನಮಗೆ ಸ್ಲಿಪ್ಪೇ ಕೊಡುವುದಿಲ್ಲ. ಬ್ಯಾಂಕಿಗೆ ಬಿದ್ದಾಗಲೇ ಎಷ್ಟು ಅಂತ ಗೊತ್ತಾಗುವುದು.

ಜಮಖಂಡಿ ಲೆಕ್ಕಿಗ

ಹಾಗಾದರೆ ಬ್ಯಾಂಕ್ ಪಾಸ್‌ಬುಕ್ ಪುಟ ಸಾಕು. ಜೊತೆಗೆ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಅಲ್ಲಿ ನಿಮ್ಮ ಪಾಲು, ಮಾಲೀಕನ ಪಾಲು ಬೇರೆ ಬೇರೆ ಕಾಣುತ್ತದೆ. ಎರಡನ್ನೂ ಒಂದೇ ತಿಂಗಳದ್ದು ಕಳಿಸಿ. ಪಿಎಫ್ ಕಟ್ಟಿಯೇ ಇಲ್ಲ ಅಂತ ಕಂಡರೆ ಇಲ್ಲಿ ಬರೆಯಬೇಡಿ, ಮೊದಲು ನನಗೆ ಖಾಸಗಿಯಾಗಿ ಹೇಳಿ. ಅದು ಬೇರೆಯದೇ ದೂರು.